ದಾರಿ ಕೇಳುವ ವಿದ್ಯೆ

ವಯಸ್ಸಾದಂತೆಲ್ಲ ಮನುಷ್ಯನಿಗೆ ಕೆಲವು ಮಾತುಗಳನ್ನು ಆಡುವುದು ಕಷ್ಟವಾಗುತ್ತದೆ. ‘ನನಗೆ ಗೊತ್ತಿಲ್ಲ’ ಎಂಬುದು ಅವುಗಳಲ್ಲಿ ಮೊದಲನೆಯದು. ಅದರಲ್ಲಿಯೂ ಉಪಾಧ್ಯಾಯ ವೃತ್ತಿಯಲ್ಲಿ ತಲೆ ನರೆತವರಿಗೆ ಈ ಮಾತು ಗಂಟಲಲ್ಲಿಯೇ ನಿಂತುಬಿಡುವುದುಂಟು. ಮೂವತ್ತೈದು ವರ್ಷಗಳ ಕಾಲ ಪ್ರಶ್ನೆ ಕೇಳುವವರು ನಾವು, ಉತ್ತರ ಹೇಳುವವರು ಹುಡುಗರು. ಆದರೆ ಆ ಪ್ರಶ್ನೆಗಳೆಲ್ಲವೂ ನಮಗೆ ಉತ್ತರ ಗೊತ್ತಿದ್ದ ಪ್ರಶ್ನೆಗಳೇ. ಉತ್ತರ ತಿಳಿಯದ ಪ್ರಶ್ನೆಯನ್ನು ಇನ್ನೊಬ್ಬರ ಮುಂದೆ ನಿಂತು ಕೇಳುವ ಅಭ್ಯಾಸವು ನಮಗೆ ತಪ್ಪಿಯೇ ಹೋಗಿತ್ತು. ಬೆಂಗಳೂರು ಪಟ್ಟಣವು ಅದನ್ನು ಒಂದೇ ರಾತ್ರಿಯಲ್ಲಿ ನಮಗೆ ಮರಳಿ ಕಲಿಸಿತು. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾದರೂ, ಪಟ್ಟಣಕ್ಕೆ ಹೋಗಿ ಬರುವ ಗೃಹಸ್ಥರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ಅರಸೀಕೆರೆ. ನಮಗೆ ಒಬ್ಬಳೇ ಮಗಳು. ಅವಳೂ ನಮ್ಮ ಅಳಿಯಂದಿರೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದರು. ೨೦೨೪ರ ದಸರೆಯ ಹೊತ್ತಿಗೆ ಇಬ್ಬರಿಗೂ ಜರ್ಮನಿ ದೇಶದ ಮ್ಯೂನಿಕ್ ನಗರದಲ್ಲಿ ಕೆಲಸ ದೊರೆಯಿತೆಂದು ಸುದ್ದಿ ಬಂತು. ಸಂತೋಷಪಡಬೇಕಾಗಿದ್ದ ನಾವು, “ಇಲ್ಲಿ ಸಿಕ್ಕದ ಅನ್ನ ಅಲ್ಲಿ ಸಿಕ್ಕುವುದೋ?” ಎಂದುಬಿಟ್ಟೆವು. ಆ ಮಾತು ಅವಳಿಗೆ ತಾಗಿತು. ಆಡಿದ ನಮಗೂ ತಾಗಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಮೂರು ತಿಂಗಳ ಕಾಲ ಅವಳ ಫೋನು ಬಂದಾಗಲೆಲ್ಲ ಅದನ್ನು ಮನೆಯಾಕೆಯ ಕೈಗೆ ಕೊಟ್ಟು ಹಿತ್ತಲಿಗೆ ಹೋಗುತ್ತಿದ್ದೆವು. ಹೊರಡುವ ದಿನ ಗೊತ್ತಾದಾಗ ಅವಳು ನಮ್ಮನ್ನೇ ಕರೆದು, “ನೀವು ಬರ್ತೀರಲ್ಲ ಅಪ್ಪ?” ಎಂದು ಕೇಳಿದಳು. “ನೋಡೋಣ” ಎಂದೆವು.

೨೦೨೫ರ ಜನವರಿಯಲ್ಲಿ ಆ ದಿನವೂ ಬಂತು. ಬೆಳಗ್ಗೆ ಎದ್ದು ನೋಡಿದರೆ ನಮ್ಮ ಮನೆಯಾಕೆ ಕೊಬ್ಬರಿ ಚಟ್ನಿಪುಡಿಯನ್ನು ಕುಟ್ಟಿ, ಸ್ಟೀಲಿನ ಡಬ್ಬಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮೇಜಿನ ಮೇಲೆ ಇಟ್ಟಿದ್ದಳು. ಅದನ್ನು ತೆಗೆದುಕೊಂಡು ಹೋಗುವವರು ಯಾರೂ ಇರಲಿಲ್ಲ. ಆಕೆ ಒಂದು ಮಾತನ್ನೂ ಆಡಲಿಲ್ಲ. ಆ ಡಬ್ಬಿಯನ್ನು ಮಧ್ಯಾಹ್ನದವರೆಗೆ ನೋಡಿ ನೋಡಿ, ಕಡೆಗೆ “ಹೊರಡು” ಎಂದೆವು.

ವಿಮಾನವು ಮಧ್ಯರಾತ್ರಿ ಕಳೆದು ಒಂದೂವರೆ ಗಂಟೆಗೆ. ಅವರು ರಾತ್ರಿ ಹತ್ತೂವರೆಗೆಲ್ಲ ಒಳಗೆ ಹೋಗಬೇಕು. ನಾವು ರೈಲು ಹತ್ತಿದೆವೆಂದು ತಿಳಿದ ಕೂಡಲೆ ಅಳಿಯಂದಿರು ಫೋನು ಮಾಡಿ, “ಮಾವ, ಸ್ಟೇಷನ್ನಿಗೆ ಒಂದು ಟ್ಯಾಕ್ಸಿ ಕಳಿಸುತ್ತೇನೆ” ಎಂದರು. “ಬೇಡಿ, ಬೆಂಗಳೂರು ನಮಗೆ ಹೊಸದಲ್ಲ” ಎಂದೆವು. ಇದು ಪೂರ್ತಿ ಸುಳ್ಳೂ ಅಲ್ಲ. ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುವುದಕ್ಕಾಗಿ ಎಷ್ಟೋ ಬೇಸಗೆಗಳಲ್ಲಿ ಆ ಊರಿಗೆ ಹೋಗಿದ್ದೆವು. ಒಮ್ಮೆ ಬಂಧುಗಳೊಬ್ಬರನ್ನು ಬೀಳ್ಕೊಡಲು ವಿಮಾನ ನಿಲ್ದಾಣಕ್ಕೂ ಹೋಗಿದ್ದುಂಟು. ಆದರೆ ಅದು ಪಟ್ಟಣದೊಳಗಿದ್ದ ಹಳೆಯ ನಿಲ್ದಾಣ. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ನಿಲ್ದಾಣವಾಯಿತು. ೨೦೧೩ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರನ್ನಿಟ್ಟರು. ಮೆಜೆಸ್ಟಿಕ್ಕಿನಿಂದ ಅಲ್ಲಿಗೆ ಸುಮಾರು ೩೫ ಕಿಲೋಮೀಟರು. ಇದನ್ನೆಲ್ಲ ನಾವು ಪತ್ರಿಕೆಗಳಲ್ಲಿ ಓದಿದ್ದೆವು. ಓದಿದ್ದೇವಾದ್ದರಿಂದ ತಿಳಿದಿದ್ದೇವೆಂದೇ ಭಾವಿಸಿದ್ದೆವು.

ಗಾಡಿ ಒಂದು ಗಂಟೆ ತಡವಾಗಿ ಏಳೂವರೆಗೆ ಬೆಂಗಳೂರು ಸೇರಿತು. ರೈಲು ನಿಲ್ದಾಣದ ಎದುರಿಗೇ ಕೆಂಪೇಗೌಡ ಬಸ್ ನಿಲ್ದಾಣ. ಇದನ್ನು ಆ ಹೆಸರಿನಿಂದ ಕರೆಯುವವರು ವಿರಳ. ಎಲ್ಲರಿಗೂ ಇದು ಮೆಜೆಸ್ಟಿಕ್ಕೇ. ಹತ್ತಿರದಲ್ಲಿದ್ದ ಮೆಜೆಸ್ಟಿಕ್ ಎಂಬ ಚಿತ್ರಮಂದಿರದಿಂದ ಈ ಹೆಸರು ಬಂದುದು. ಚಿತ್ರಮಂದಿರ ಹೋಯಿತು, ಹೆಸರು ಉಳಿಯಿತು. ಅದಕ್ಕೂ ಹಿಂದೆ ಈ ನೆಲದಲ್ಲಿ ಧರ್ಮಾಂಬುಧಿ ಎಂಬ ಕೆರೆಯಿತ್ತು. ಧರ್ಮ, ಅಂಬುಧಿ ಎಂಬ ಎರಡು ಪದಗಳು ಸೇರಿದ ಸವರ್ಣದೀರ್ಘ ಸಂಧಿ ಅದು. ಧರ್ಮದ ಸಾಗರವೆಂದು ಅರ್ಥ. ಕೆರೆಯ ಹೆಸರನ್ನೇ ಹೊತ್ತ ಊರಿನಿಂದ ಬಂದ ನಮಗೆ, ಕೆರೆಯೊಂದು ಬತ್ತಿ ಬಸ್ ನಿಲ್ದಾಣವಾದುದನ್ನು ನೆನೆದಾಗ ಮನಸ್ಸು ಕಸಿವಿಸಿಯಾಗುತ್ತದೆ. ಈಗ ಅಲ್ಲಿ ನೀರಿಗೆ ಬದಲಾಗಿ ಜನ. ಆ ಜನಸಾಗರದಲ್ಲಿ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಚಟ್ನಿಪುಡಿಯ ಡಬ್ಬಿಯನ್ನು ಹಿಡಿದು ನಾವು ವಿಮಾನ ನಿಲ್ದಾಣದ ಬಸ್ಸನ್ನು ಹುಡುಕತೊಡಗಿದೆವು.

ಅಂಕಣದಿಂದ ಅಂಕಣಕ್ಕೆ, ಮೇಲುಸೇತುವೆಯನ್ನು ಹತ್ತಿ ಇಳಿದು, ಹಲಗೆಗಳನ್ನು ಓದುತ್ತ ನಡೆದೆವು. ಮನೆಯಾಕೆ ಎರಡು ಸಲ, “ಯಾರನ್ನಾದರೂ ಕೇಳಬಾರದೇ?” ಎಂದಳು. “ಬರೆದೇ ಇರುತ್ತದೆ, ಓದು ಬಲ್ಲವರಿಗೆ ಕೇಳುವ ಕಷ್ಟವೇಕೆ?” ಎಂದೆವು. ಹೀಗೆ ಓದುತ್ತ ಓದುತ್ತ ಮುಕ್ಕಾಲು ಗಂಟೆ ಕಳೆಯಿತು. ಆಕೆ ತಾನೇ ಹೋಗಿ ಹೂವು ಮಾರುವ ಹೆಂಗಸನ್ನು ಕೇಳಿದಳು. ಆ ತಾಯಿ ಮೊಳ ಹಾಕುತ್ತಿದ್ದ ಕೈಯನ್ನು ನಿಲ್ಲಿಸದೆ ಗಲ್ಲದಿಂದಲೇ ದಿಕ್ಕನ್ನು ತೋರಿಸಿದಳು. ಬಸ್ಸು ನಮ್ಮಿಂದ ಐವತ್ತು ಹೆಜ್ಜೆಯ ದೂರದಲ್ಲಿತ್ತು.

ಈ ಬಸ್ಸುಗಳಿಗೆ ‘ವಾಯುವಜ್ರ’ ಎಂದು ಹೆಸರಿಟ್ಟಿದ್ದಾರೆ. ತಂಪು ಗಾಳಿಯ ಸುಖವಾದ ಬಸ್ಸು. ಪೆಟ್ಟಿಗೆಗಳನ್ನಿಡಲು ಬೇರೆ ಸ್ಥಳವಿದೆ. ಮನೆಯಾಕೆ ತನ್ನ ಆಧಾರ್ ಚೀಟಿಯನ್ನು ಹೆಮ್ಮೆಯಿಂದ ಮುಂದೆ ಹಿಡಿದಳು. ೨೦೨೩ರ ಜೂನ್ ತಿಂಗಳಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲವಷ್ಟೆ. ನಿರ್ವಾಹಕನು ನಕ್ಕು, “ಅಮ್ಮ, ಅದು ಸಾದಾ ಬಸ್ಸಿಗೆ. ಇದಕ್ಕೆ ಇಬ್ಬರದೂ ದುಡ್ಡು ಕೊಡಬೇಕು” ಎಂದನು. ಕೊಟ್ಟೆವು. ಆಗ ಅವನು, “ಯಜಮಾನ್ರೆ, ಟರ್ಮಿನಲ್ ಒಂದೋ ಎರಡೋ?” ಎಂದು ಕೇಳಿದನು.

ವಾಚಕರೇ, ಇಲ್ಲಿಯೇ ನಾವು ಎಡವಿದುದು. ವಿಮಾನ ನಿಲ್ದಾಣದಲ್ಲಿ ಎರಡು ಬೇರೆ ಬೇರೆ ಕಟ್ಟಡಗಳಿವೆಯೆಂಬುದು ಆ ಕ್ಷಣದಲ್ಲಿ ನಮ್ಮ ನೆನಪಿನಲ್ಲಿರಲಿಲ್ಲ. ‘ಹಾಗೆಂದರೇನಪ್ಪ?’ ಎಂದು ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಹಿಂದಿನ ಆಸನದಲ್ಲಿ ಇಬ್ಬರು ಎಳೆಯ ಹುಡುಗರು ಕುಳಿತು ನಮ್ಮನ್ನೇ ನೋಡುತ್ತಿದ್ದರು. ನಾವು ಗಂಭೀರವಾಗಿ, “ಒಂದು” ಎಂದೆವು. ಎರಡಕ್ಕಿಂತ ಒಂದು ಹೆಚ್ಚಿನದಲ್ಲವೆ?

ಬಸ್ಸು ಮೇಖ್ರಿ ವೃತ್ತವನ್ನು ದಾಟುವವರೆಗೆ ಚೆನ್ನಾಗಿಯೇ ಹೋಯಿತು. ನಾವು ಹಳೆಯ ಚಾಳಿಯಂತೆ ‘ವಾಯುವಜ್ರ’ವೆಂಬ ಸಮಾಸವನ್ನು ಹೇಗೆ ಬಿಡಿಸಬೇಕೆಂದು ಯೋಚಿಸುತ್ತಿದ್ದೆವು. ವಾಯುವಿನಂತೆ ವೇಗವಾದ ವಜ್ರವೋ, ವಾಯುವೂ ವಜ್ರವೂ ಎರಡೂ ಹೌದೋ? ಅಷ್ಟರಲ್ಲಿ ಹೆಬ್ಬಾಳ ಬಂತು. ವಾಯುವೂ ವಜ್ರವೂ ಒಟ್ಟಿಗೇ ನಿಂತುಬಿಟ್ಟವು. ಮುಂದೆ ಕಣ್ಣು ಹಾಯುವವರೆಗೂ ಕೆಂಪು ದೀಪಗಳು. ಪಟ್ಟಣದ ಹಲವು ದಿಕ್ಕುಗಳಿಂದ ಬಂದ ವಾಹನಗಳೆಲ್ಲ ಇಲ್ಲಿ ಸೇರಿ ಒಂದೇ ಬಳ್ಳಾರಿ ರಸ್ತೆಗೆ ಇಳಿಯಬೇಕು. ಅಗಲವಾದ ಕೊಡಕ್ಕೆ ಕಿರಿದಾದ ಕಂಠವಿದ್ದಂತೆ. ರಸ್ತೆಯ ಪಕ್ಕದಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಲಿರುವ ಮೆಟ್ರೋ ರೈಲಿನ ಕಂಬಗಳು ಎದ್ದುನಿಂತಿದ್ದವು. ಕಂಬಗಳು ಮಾತ್ರ, ರೈಲು ಇನ್ನೂ ಬಂದಿರಲಿಲ್ಲ. ಗಡಿಯಾರ ನೋಡಿಕೊಂಡೆವು. ಒಂಬತ್ತೂಕಾಲು. ಮಗಳಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿಯೇ ಜೋಡಿಸಿಕೊಳ್ಳತೊಡಗಿದೆವು. ಅವು ಒಂದು ಸಣ್ಣ ಭಾಷಣದಂತೆಯೇ ಆದವು. ಸಂಸ್ಕೃತಿ, ಮಾತೃಭಾಷೆ, ಮಗುವಿನ ವಿದ್ಯಾಭ್ಯಾಸ ಎಲ್ಲವೂ ಅದರಲ್ಲಿದ್ದವು.

ಹತ್ತೂಕಾಲಿಗೆ ಬಸ್ಸು ಮೊದಲನೆಯ ಕಟ್ಟಡದ ಬಳಿ ನಮ್ಮನ್ನು ಇಳಿಸಿತು. ದೀಪಗಳ ಬೆಳಕು ಹಗಲಿನಂತಿತ್ತು. ಬಾಗಿಲ ಮುಂದೆ ಹೋಗಿ ನಿಂತೆವು. ಟಿಕೇಟಿಲ್ಲದವರನ್ನು ಬಾಗಿಲೊಳಗೆ ಬಿಡುವುದಿಲ್ಲ; ಬೀಳ್ಕೊಡುವುದೇನಿದ್ದರೂ ಹೊರಗೆಯೇ. ಮಗಳ ಫೋನು ಬಂತು.

“ಎಲ್ಲಿದ್ದೀರಿ ಅಪ್ಪ?”

“ಬಾಗಿಲ ಮುಂದೆಯೇ ಇದ್ದೇವೆ.”

“ನಾವೂ ಬಾಗಿಲ ಮುಂದೆಯೇ ಇದ್ದೀವಲ್ಲ!”

ಆಗ ನಮಗೆ ಅರ್ಥವಾಯಿತು. ೨೦೨೨ರ ನವೆಂಬರಿನಲ್ಲಿ ಎರಡನೆಯ ಕಟ್ಟಡದ ಉದ್ಘಾಟನೆಯಾದುದನ್ನೂ, ೨೦೨೩ರ ಸೆಪ್ಟೆಂಬರಿನಲ್ಲಿ ಹೊರದೇಶಗಳ ವಿಮಾನಗಳನ್ನು ಅಲ್ಲಿಗೆ ವರ್ಗಾಯಿಸಿದುದನ್ನೂ ನಾವೇ ಪತ್ರಿಕೆಯಲ್ಲಿ ಓದಿ ಮನೆಯಾಕೆಗೆ ಹೇಳಿದ್ದೆವು. ಪುಸ್ತಕದಲ್ಲಿರುವ ವಿದ್ಯೆ ಕಾರ್ಯಕಾಲಕ್ಕೆ ಒದಗದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹತ್ತೂವರೆಗೆ ಹತ್ತೇ ನಿಮಿಷವಿತ್ತು. ಮನೆಯಾಕೆಯ ಮುಖ ನೋಡಲಾರದೆ ಹೋದೆವು.

ಹದಿನೆಂಟು ಇಪ್ಪತ್ತು ವರ್ಷದ ಹುಡುಗನೊಬ್ಬ ಸಾಮಾನಿನ ಕೈಗಾಡಿಗಳನ್ನು ಒಂದರೊಳಗೊಂದು ಸೇರಿಸಿ ಉದ್ದನೆಯ ಸಾಲಾಗಿ ತಳ್ಳಿಕೊಂಡು ಬರುತ್ತಿದ್ದನು. ನಾವು ಅವನ ಮುಂದೆ ಹೋಗಿ ನಿಂತು, “ಮಗು, ನಮಗೆ ದಾರಿ ಗೊತ್ತಿಲ್ಲ. ಮಗಳು ಇನ್ನೊಂದು ಕಟ್ಟಡದ ಹತ್ತಿರ ಇದ್ದಾಳೆ. ಹೇಗೆ ಹೋಗಬೇಕು?” ಎಂದೆವು. ಎಷ್ಟು ವರ್ಷಗಳ ಮೇಲೆ ಆ ಮಾತು ನಮ್ಮ ಬಾಯಿಂದ ಬಂತೋ ತಿಳಿಯದು. ಅವನು ಗಾಡಿಗಳನ್ನು ನಿಲ್ಲಿಸಿದನು. “ಗಾಬರಿ ಆಗಬ್ಯಾಡ್ರಿ ಅಜ್ಜಾರ. ಅಲ್ಲಿ ಮುಂದ ಒಂದು ಬಸ್ ನಿಂತೈತಿ ನೋಡ್ರಿ, ಅದು ಎರಡಕ್ಕೂ ಓಡಾಡ್ತೈತಿ. ರೊಕ್ಕ ಇಲ್ರಿ” ಎಂದನು. ನಾವು ಆ ಬಸ್ಸನ್ನು ಹತ್ತುವವರೆಗೂ ಅವನು ತಿರುಗಿ ತಿರುಗಿ ನೋಡುತ್ತಿದ್ದುದು ಕಾಣಿಸಿತು. ಅವನು ಉತ್ತರ ಕರ್ನಾಟಕದವನೆಂದು ಮಾತಿನಿಂದ ತಿಳಿಯಿತು. ಅವನೂ ಎಂದೋ ಒಂದು ದಿನ ಈ ಊರಿಗೆ ದಾರಿ ಕೇಳಿಕೊಂಡೇ ಬಂದಿರಬೇಕು.

ಎರಡನೆಯ ಕಟ್ಟಡದ ಮುಂದೆ ಅಳಿಯಂದಿರು ಪೆಟ್ಟಿಗೆಗಳೊಡನೆ ನಿಂತಿದ್ದರು. ಮಗಳ ಹೆಗಲ ಮೇಲೆ ಮೊಮ್ಮಗ ನಿದ್ದೆ ಹೋಗಿದ್ದನು. ಅಳಿಯಂದಿರು ಮಾತಿಲ್ಲದೆ ದೊಡ್ಡ ಪೆಟ್ಟಿಗೆಯೊಂದನ್ನು ಅಲ್ಲಿಯೇ ನೆಲದ ಮೇಲೆ ಬಿಚ್ಚಿ, ಬಟ್ಟೆಗಳ ನಡುವೆ ಚಟ್ನಿಪುಡಿಯ ಡಬ್ಬಿಗೆ ಸ್ಥಳ ಮಾಡಿದರು. ನಾವು ಜೋಡಿಸಿಟ್ಟುಕೊಂಡಿದ್ದ ಭಾಷಣದಲ್ಲಿ ಒಂದು ಮಾತೂ ನೆನಪಾಗಲಿಲ್ಲ.

“ದಾರಿ ಕಷ್ಟವಾಯಿತಾ ಅಪ್ಪ?” ಎಂದು ಅವಳು ಕೇಳಿದಳು.

“ಗೊತ್ತಿರಲಿಲ್ಲ ಕಣಮ್ಮ. ಕೇಳಿಕೊಂಡು ಬಂದೆವು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಅಲ್ಲಿ ಏನೂ ಗೊತ್ತಿಲ್ಲ ಅಪ್ಪ. ಭಯವಾಗುತ್ತೆ” ಎಂದಳು.

ಮೂರು ತಿಂಗಳು ನಾವು ಮುನಿಸಿಕೊಂಡಿದ್ದೆವು. ಅವಳು ಏಕೆ ಹೋಗಬಾರದೆಂದು ಮನಸ್ಸಿನಲ್ಲಿಯೇ ನೂರು ಕಾರಣಗಳನ್ನು ಕೊಟ್ಟುಕೊಂಡಿದ್ದೆವು. ‘ನಿನಗೆ ಭಯವೇ?’ ಎಂದು ಒಂದು ಸಲವೂ ಕೇಳಿರಲಿಲ್ಲ. ಗುರುವಿನಿಂದ ಜ್ಞಾನವನ್ನು ಪಡೆಯಲು ಪ್ರಣಿಪಾತ, ಪರಿಪ್ರಶ್ನ, ಸೇವೆ ಎಂಬ ಮೂರು ಸಾಧನಗಳಿವೆಯೆಂದು ಗೀತೆಯಲ್ಲಿದೆ. ಈ ಪರಿಪ್ರಶ್ನವೆಂಬ ಶಬ್ದವನ್ನು ಹುಡುಗರಿಗೆ ಎಷ್ಟು ಸಲ ವಿವರಿಸಿದ್ದೆವೋ ಲೆಕ್ಕವಿಲ್ಲ. ನಾವು ಮಾತ್ರ ನಮ್ಮ ಮಗಳನ್ನೇ ಏನೂ ಕೇಳದೆ ಎಲ್ಲವನ್ನೂ ಬಲ್ಲವರಂತೆ ಇದ್ದುಬಿಟ್ಟಿದ್ದೆವು.

“ಕೇಳಿಕೊಂಡು ಹೋಗು ತಾಯಿ. ಬಾಯಿದ್ದವನು ಬರಗಾಲದಲ್ಲಿಯೂ ಬದುಕಿದ ಅಂತಾರೆ. ಎಲ್ಲ ಕಡೆಯೂ ಹೇಳುವವರು ಇರುತ್ತಾರೆ” ಎಂದೆವು. ಅಷ್ಟೇ ನಮ್ಮ ಉಪದೇಶ. ಅವಳು ಬಗ್ಗಿ ಕಾಲು ಮುಟ್ಟಿದಾಗ ಮಗು ಎಚ್ಚೆತ್ತು, “ತಾತ ಯಾವಾಗ ಬಂದ?” ಎಂದಿತು. ಸರಿಯಾದ ಪ್ರಶ್ನೆ. ತಾತ ಮೂರು ತಿಂಗಳು ತಡವಾಗಿಯೇ ಬಂದಿದ್ದನು.

ಅವರು ಒಳಗೆ ಹೋದ ಮೇಲೆ ಗಾಜಿನ ಆಚೆ ಸ್ವಲ್ಪ ದೂರದವರೆಗೆ ಕಾಣಿಸಿದರು. ಆಮೇಲೆ ಜನರಲ್ಲಿ ಬೆರೆತುಹೋದರು. ಈ ಕಟ್ಟಡದಲ್ಲಿ ಚಾವಣಿಗೆ ಬಿದಿರನ್ನು ಹೊಂದಿಸಿ, ಗಿಡಬಳ್ಳಿಗಳನ್ನು ಮೇಲಿನಿಂದ ತೂಗುಬಿಟ್ಟಿದ್ದಾರೆ. ಮನೆಯಾಕೆ ಕಣ್ಣೊರಸಿಕೊಳ್ಳುತ್ತ, “ನಮ್ಮ ತೋಟದಂತೆಯೇ ಇದೆ, ನೀರು ಹಾಕುವವರು ಯಾರೋ?” ಎಂದಳು. ವಿಮಾನ ಹೊರಡುವವರೆಗೆ ಅಲ್ಲಿಯೇ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಹಿಂದಿರುಗುವ ಚಿಂತೆಯಿರಲಿಲ್ಲ, ಮೆಜೆಸ್ಟಿಕ್ಕಿಗೆ ರಾತ್ರಿಯೆಲ್ಲ ಬಸ್ಸುಗಳಿವೆಯೆಂದು ಈ ಸಲ ಮೊದಲೇ ಕೇಳಿಕೊಂಡಿದ್ದೆವು. ಹೋಗುವಾಗ ಗಂಟೆಗಟ್ಟಲೆ ಹಿಡಿದ ಹೆಬ್ಬಾಳವು ಆ ಹೊತ್ತಿನಲ್ಲಿ ಬಂದುದೂ ತಿಳಿಯಲಿಲ್ಲ, ಹೋದುದೂ ತಿಳಿಯಲಿಲ್ಲ.

ಬೆಳಗಿನ ಜಾವ ಬಸವನಗುಡಿಯಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಬೇಕಾಗಿತ್ತು. ಮೆಜೆಸ್ಟಿಕ್ಕಿನ ನೆಲದೊಳಗೆ ಮೆಟ್ರೋ ರೈಲಿನ ನೇರಳೆ ಮಾರ್ಗವೂ ಹಸಿರು ಮಾರ್ಗವೂ ಸಂಧಿಸುತ್ತವೆ. ಒಮ್ಮೆ ಕೆರೆಯ ನೀರಿದ್ದ ನೆಲದ ಅಡಿಯಲ್ಲಿ ಈಗ ಮಹಡಿಯ ಕೆಳಗೆ ಮಹಡಿ. ಕಾವಲಿನ ಹೆಂಗಸನ್ನು, “ನ್ಯಾಷನಲ್ ಕಾಲೇಜಿಗೆ ಯಾವ ಬಣ್ಣದ ಗಾಡಿಯಮ್ಮ?” ಎಂದು ಕೇಳಿದೆವು. “ಹಸಿರು, ಅಂಕಲ್. ಮೂರನೆಯ ಸ್ಟೇಷನ್” ಎಂದಳು. ಟೋಕನ್ನೆಂಬ ದುಂಡನೆಯ ಬಿಲ್ಲೆಯನ್ನು ಒಳಗೆ ಹೋಗುವಾಗ ಬಾಗಿಲಿಗೆ ತೋರಿಸಬೇಕೋ, ಅದರ ಬಾಯಿಗೆ ಹಾಕಬೇಕೋ ಎಂಬುದನ್ನೂ ಕೇಳಿದೆವು. ಒಳಗೆ ಹೋಗುವಾಗ ತೋರಿಸುವುದು, ಹೊರಗೆ ಬರುವಾಗ ಹಾಕುವುದು.

ಗಾಡಿಯಲ್ಲಿ ಕುಳಿತ ಮೇಲೆ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ಎಂದು ಮುಂದೆ ಬರುವ ನಿಲ್ದಾಣದ ಹೆಸರನ್ನು ಒಂದು ಹೆಣ್ಣುಧ್ವನಿ ತಿಳಿಯಾದ ಕನ್ನಡದಲ್ಲಿ ಹೇಳುತ್ತಿತ್ತು. ಆ ಧ್ವನಿಯ ಗುರುತು ನಮಗೆ ಕೂಡಲೆ ಸಿಕ್ಕಿತು. ನಿರೂಪಕಿ ಅಪರ್ಣಾ ಅವರದು. ಅವರು ೨೦೨೪ರ ಜುಲೈಯಲ್ಲಿ ತೀರಿಕೊಂಡರು. ಅವರು ಹೋಗಿ ಆರು ತಿಂಗಳಾಗಿದ್ದರೂ ಆ ಬೆಳಗ್ಗೆ ಅವರ ಧ್ವನಿಯು ಊರು ತಿಳಿಯದವರಿಗೆಲ್ಲ, ಕೇಳದವರಿಗೂ ಸಹ, ಎಲ್ಲಿ ಇಳಿಯಬೇಕೆಂದು ಹೇಳುತ್ತಲೇ ಇತ್ತು. ದಾರಿ ಹೇಳುವುದೂ ಒಂದು ದಾನವೇ ಎಂದು ನಮಗೆ ಅಂದು ತೋರಿತು.

ಇನ್ನು ಗೃಹಸ್ಥರಿಗೆ ನಾಲ್ಕು ಮಾತು. ವಿಮಾನದ ಟಿಕೇಟಿನಲ್ಲಿ ಟರ್ಮಿನಲ್ ಒಂದೋ ಎರಡೋ ಎಂದು ಬರೆದಿರುತ್ತದೆ. ಮನೆ ಬಿಡುವ ಮೊದಲೇ ಅದನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಎರಡನೆಯದರಿಂದ ನಮ್ಮ ದೇಶದೊಳಗಿನ ವಿಮಾನಗಳೂ ಕೆಲವು ಹೊರಡುವುದರಿಂದ, ಊಹೆಯಿಂದ ಹೋಗುವುದು ಸಲ್ಲದು. ಒಬ್ಬರೋ ಇಬ್ಬರೋ ಇದ್ದು ಹೊರೆ ಕಡಮೆಯಾದರೆ ವಾಯುವಜ್ರವೇ ಸುಖ, ವೆಚ್ಚವೂ ಕಡಮೆ. ನಾಲ್ವರಿದ್ದು ಪೆಟ್ಟಿಗೆಗಳು ಹೆಚ್ಚಾಗಿದ್ದರೆ ಟ್ಯಾಕ್ಸಿಯ ಬಾಡಿಗೆಗೂ ಬಸ್ಸಿನ ನಾಲ್ಕು ಟಿಕೇಟುಗಳಿಗೂ ಹೆಚ್ಚು ಅಂತರವಿರುವುದಿಲ್ಲ. ೨೦೨೧ರ ಜನವರಿಯಲ್ಲಿ ವಿಮಾನ ನಿಲ್ದಾಣದ ಬಳಿ ರೈಲಿಗೂ ಒಂದು ಸಣ್ಣ ನಿಲುಗಡೆಯನ್ನು ಮಾಡಿದರು. ಅಲ್ಲಿಗೆ ಖರ್ಚು ಅತ್ಯಲ್ಪ, ಆದರೆ ಗಾಡಿಗಳು ಕೆಲವೇ. ವೇಳೆಯನ್ನು ವಿಚಾರಿಸಿಕೊಂಡು ಹೋಗಬೇಕು. ಸಂಜೆ ಹೊರಡುವವರು ಹೆಬ್ಬಾಳಕ್ಕೆಂದೇ ಒಂದು ಗಂಟೆಯನ್ನು ಬೇರೆಯಾಗಿ ಎತ್ತಿಡುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ನಿರ್ವಾಹಕನು ಪ್ರಶ್ನೆ ಕೇಳಿದಾಗ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆಂದು ಹೇಳಿರಿ. ಹಿಂದಿನ ಆಸನದ ಹುಡುಗರು ನಗುವುದಿಲ್ಲ, ನಕ್ಕರೂ ನಷ್ಟವಿಲ್ಲ.

ಈಗ ಪ್ರತಿ ಭಾನುವಾರ ಮಗಳ ಫೋನು ಬರುತ್ತದೆ. ಅದನ್ನು ಎತ್ತಿಕೊಳ್ಳುವವರು ನಾವೇ. ಆ ಊರಿನ ಗಾಡಿಗಳ ವಿಷಯವನ್ನು ಕೇಳುತ್ತೇವೆ. ಅಲ್ಲಿ ನೆಲದೊಳಗಿನ ರೈಲಿಗೆ ತಡೆಬಾಗಿಲೇ ಇಲ್ಲವಂತೆ. ಕಾಗದದ ಚೀಟಿಗೆ ಪ್ರಯಾಣಿಕರು ತಾವೇ ಯಂತ್ರದಲ್ಲಿ ಮುದ್ರೆ ಒತ್ತಿಕೊಂಡು ಹತ್ತಬೇಕಂತೆ. ಮೊದಲ ವಾರ ಅವಳಿಗೆ ಅದನ್ನು ತೋರಿಸಿಕೊಟ್ಟವರು ವಯಸ್ಸಾದ ಒಬ್ಬ ಹೆಂಗಸಂತೆ. “ನಾನೇ ಕೇಳಿದೆ ಅಪ್ಪ” ಎಂದಳು. ಹೋದ ಭಾನುವಾರ, “ಇನ್ನೂ ಭಯವಿದೆಯೇ?” ಎಂದು ಕೇಳಿದೆವು. “ಸ್ವಲ್ಪ ಇದೆ. ಚಟ್ನಿಪುಡಿ ಮಾತ್ರ ಮುಗಿಯಿತು” ಎಂದಳು. ಅಷ್ಟು ದೂರಕ್ಕೆ ಒಂದು ಡಬ್ಬಿಯನ್ನು ಕಳುಹಿಸುವುದು ಹೇಗೆಂದು ನಾಳೆ ಅಂಚೆ ಕಚೇರಿಗೆ ಹೋಗಿ ಕೇಳಬೇಕು.